ಸಿಂಧನೂರು, ಕಾರಟಗಿ, ಸಿರುಗುಪ್ಪ: ಯಾವ ಊರಿನ ಸರ್ಕಾರಿ ಶಾಲೆ?

ವರ್ಗಾವಣೆಯಾಗಿ ಭತ್ತದ ಸೀಮೆಗೆ ಬರುವವರಿಗೆ ರಾಯಚೂರಿನ ಸಿಂಧನೂರು, ಕೊಪ್ಪಳದ ಕಾರಟಗಿ, ಬಳ್ಳಾರಿಯ ಸಿರುಗುಪ್ಪ ಮೂರೂ ಹತ್ತಿರದವೇ. ಪಠ್ಯಪುಸ್ತಕ, ಬಿಸಿಯೂಟ, ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಸಿಗುವ 371ಜೆ ಮೀಸಲಾತಿ ಮೂರೂ ಕಡೆ ಒಂದೇ.

ಹಾಗಾಗಿ ಹೆಚ್ಚಿನವರು ಎಸ್‌ಎಸ್‌ಎಲ್‌ಸಿ ಪಟ್ಟಿಯಲ್ಲಿ ಜಿಲ್ಲೆಯ ಸ್ಥಾನ ನೋಡುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ 2024ರಲ್ಲಿ ಕೃಪಾಂಕ ಸೇರಿಸಿಯೂ ಶೇ 73.40ಕ್ಕೆ ಇಳಿಯಿತು. ಅದಕ್ಕೂ ಹಿಂದಿನ ಸ್ಥಾನಗಳನ್ನು ಹಿಡಿದು ಮನೆ ಹುಡುಕಬೇಡಿ.

ಜಿಲ್ಲೆಗಿಂತ ಶಾಲೆಯ ಬಗೆ ಮುಖ್ಯ. ಚಿಕ್ಕ ಮಗುವಿದ್ದರೆ ಕರ್ನಾಟಕ ಪಬ್ಲಿಕ್ ಶಾಲೆ ಇರುವ ಊರೇ ಅನುಕೂಲ. ಪೂರ್ವ ಪ್ರಾಥಮಿಕದಿಂದ ಪಿಯುವರೆಗೆ ಒಂದೇ ವ್ಯವಸ್ಥೆ. ಐದನೆಯ ತರಗತಿಯ ಮಗುವಿಗೆ ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಎರಡಕ್ಕೂ ಪ್ರವೇಶ ಪರೀಕ್ಷೆ ಬರೆಸಿ. ಮೊದಲನೆಯದರಲ್ಲಿ ಮಗು ಸಂಜೆ ಮನೆಗೆ ಬರುತ್ತದೆ, ಎರಡನೆಯದರಲ್ಲಿ ಅಲ್ಲೇ ಉಳಿಯುತ್ತದೆ.

ಕಟ್ಟಡದ ಬಣ್ಣ ಬಿಡಿ. ಗಣಿತ, ವಿಜ್ಞಾನಕ್ಕೆ ಕಾಯಂ ಶಿಕ್ಷಕರಿದ್ದಾರೆಯೇ, ಅತಿಥಿ ಶಿಕ್ಷಕರೇ ಎಂದು ಮುಖ್ಯಶಿಕ್ಷಕರನ್ನು ನೇರವಾಗಿ ಕೇಳಿ. ಕಾಯಂ ಶಿಕ್ಷಕರಿರುವ ಶಾಲೆ ಕಾರಟಗಿಯಲ್ಲಿ ಸಿಕ್ಕರೆ ನಾನಂತೂ ಸಿಂಧನೂರಿನ ದೊಡ್ಡ ಪೇಟೆಯನ್ನು ಬಿಟ್ಟು ಅಲ್ಲಿಗೇ ಹೋಗುತ್ತೇನೆ.