ಹೊಸ ಕಾರು ತೆಗೆಯುವವರೇ, ಗಾಡಿ ಕಣ್ಣಾರೆ ನೋಡುವ ಮೊದಲು ರಿಜಿಸ್ಟ್ರೇಶನ್ ಆಗಲು ಬಿಡಬೇಡಿ

ಹೊಸ ಕಾರು ಬುಕ್ ಮಾಡಿದ್ದೀರಾ? ಹಾಗಾದರೆ ದಯವಿಟ್ಟು ಇದನ್ನು ಓದಿ. ನಿಮಗೆ ಕೊಡುವ ಗಾಡಿಯ ಚಾಸಿ ನಂಬರ್ (ಪ್ರತಿ ಗಾಡಿಯ ಮೇಲೂ ಕೊರೆದಿರುವ ಅದರದೇ ಗುರುತಿನ ಸಂಖ್ಯೆ) ಬರಹದಲ್ಲಿ ಪಡೆದು, ಆ ಗಾಡಿಯನ್ನು ಹಗಲು ಬೆಳಕಿನಲ್ಲಿ ನೋಡುವ ತನಕ ಪೂರ್ತಿ ದುಡ್ಡು ಕಟ್ಟಬೇಡಿ. ಇನ್ಶೂರೆನ್ಸ್ ಮಾಡಿಸಲು ಬಿಡಬೇಡಿ. ಆರ್‌ಟಿಓಗೆ ಪೇಪರ್ ಹೋಗಲು ಬಿಡಬೇಡಿ. ಒಂದು ಸಲ ನಿಮ್ಮ ಹೆಸರಿಗೆ ನಂಬರ್ ಬಿತ್ತು ಅಂದರೆ ಗಾಡಿಯಲ್ಲಿ ಏನೇ ಇದ್ದರೂ ಅದು ನಿಮ್ಮದೇ. ಬದಲಾಯಿಸಿ ಕೊಡಿ ಅಂತ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಮಗೆ ಆಗಿರುವುದು ಇದೇ. ದೂರು ಗ್ರಾಹಕ ಆಯೋಗದ ಮುಂದೆ ಇದೆ, ಹಾಗಾಗಿ ಶೋರೂಮ್ ಹೆಸರು, ಕಂಪನಿ ಹೆಸರು ಹಾಕುತ್ತಿಲ್ಲ. ಇದು ಯಾವ ಶೋರೂಮ್‌ನಲ್ಲಿ ಬೇಕಾದರೂ ಆಗಬಹುದು.

ನಮ್ಮದು ತೀರ್ಥಹಳ್ಳಿ ಕಡೆ. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿಸುತ್ತೇವೆ ಎಂದು ಘೋಷಣೆ ಆಯಿತಲ್ಲ, ಆಗಲೇ ನಾವು ಬುಕ್ ಮಾಡಿದ್ದು. ನಾಲ್ಕು ಮೀಟರ್ ಒಳಗಿನ ಬಿಳಿ ಬಣ್ಣದ ಪೆಟ್ರೋಲ್ ಗಾಡಿ. ಹೊಸ ದರ ಜಾರಿಗೆ ಬಂದ 22ನೇ ತಾರೀಕಿಗೇ ನವರಾತ್ರಿಯೂ ಶುರುವಾಯಿತು. ಶೋರೂಮ್‌ಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ಆಯುಧಪೂಜೆಗೆ ಮನೆ ಮುಂದೆ ಗಾಡಿ ಇರಬೇಕು ಅನ್ನುವುದು ಎಲ್ಲರ ಆಸೆ, ನಮ್ಮದೂ ಅದೇ. ಈ ಆಸೆ ಶೋರೂಮ್‌ನವರಿಗೆ ಚೆನ್ನಾಗಿ ಗೊತ್ತು. "ಸರ್, ಇವತ್ತೇ ದುಡ್ಡು ಹಾಕಿಬಿಡಿ, ಇಲ್ಲಾಂದ್ರೆ ಹಬ್ಬಕ್ಕೆ ಗಾಡಿ ಸಿಗಲ್ಲ" ಅನ್ನುವ ಒಂದೇ ಮಾತಿನಲ್ಲಿ ಎಲ್ಲ ಕೆಲಸ ಮಾಡಿಸಿಕೊಳ್ಳುತ್ತಾರೆ.

ಮೊದಲು ಕೊಟೇಶನ್ ವಿಷಯ. ಅವರು ಬಾಯಲ್ಲಿ ಹೇಳುವುದು ಆನ್‌ರೋಡ್ ಬೆಲೆ ಒಂದನ್ನೇ. ಅದರೊಳಗೆ ಏನೇನಿದೆ ಎಂದು ಸಾಲು ಸಾಲಾಗಿ ಬರೆಸಿಕೊಳ್ಳಿ. ನಮಗೆ ಬರೆದುಕೊಟ್ಟ ಚೀಟಿಯಲ್ಲಿ "ಆರ್‌ಟಿಓ ಮತ್ತು ಇತರೆ" ಎಂದು ಒಂದೇ ಸಾಲಿನಲ್ಲಿ ದೊಡ್ಡ ಮೊತ್ತ ಇತ್ತು. ಇತರೆ ಅಂದರೆ ಏನು ಎಂದು ಬಿಡಿಸಿ ಕೇಳಿದಾಗ ಹ್ಯಾಂಡ್ಲಿಂಗ್ ಚಾರ್ಜ್ ಅಂದರು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ರಿಜಿಸ್ಟ್ರೇಶನ್ ಫೀ 600 ರೂಪಾಯಿ, ಸಾಲ ಇದ್ದರೆ ಅದನ್ನು ಆರ್‌ಸಿಯಲ್ಲಿ ನಮೂದಿಸಲು 1500, ಸ್ಮಾರ್ಟ್ ಕಾರ್ಡ್‌ಗೆ 200. ಹ್ಯಾಂಡ್ಲಿಂಗ್ ಎನ್ನುವ ಸಾಲು ಅಲ್ಲಿ ಎಲ್ಲೂ ಇಲ್ಲ. ಯಾವ ನಿಯಮದ ಕೆಳಗೆ ತಗೊಳ್ತೀರಿ, ರಸೀದಿ ಕೊಡಿ ಎಂದು ಇಮೇಲ್ ಹಾಕಿದ ಮೇಲೆ ತೆಗೆದರು. ಇಂಥದ್ದು ಬಾಯಿಮಾತಿನಲ್ಲಿ ಹೋಗುವುದಿಲ್ಲ, ಬರಹದಲ್ಲಿ ಕೇಳಿದರೆ ಹೋಗುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ರಾಜ್ಯದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ರೋಡ್ ಟ್ಯಾಕ್ಸ್ ಗಾಡಿಯ ಬೆಲೆ ನೋಡಿ ಏರುತ್ತದೆ. 5 ಲಕ್ಷದ ತನಕ 13 ಪರ್ಸೆಂಟ್, 10 ಲಕ್ಷದ ತನಕ 14, ಅದನ್ನು ದಾಟಿದರೆ 17, 20 ಲಕ್ಷ ದಾಟಿದರೆ 18. ಅದರ ಮೇಲೆ ಸೆಸ್ ಬೇರೆ. ನಾವು ನೋಡಿದ್ದ ಗಾಡಿ 9 ಲಕ್ಷ 90 ಸಾವಿರದ್ದು. "ಸರ್, ಬರೀ 25 ಸಾವಿರ ಜಾಸ್ತಿ, ಮೇಲಿನ ಮಾಡೆಲ್ ತಗೊಳ್ಳಿ, ರೆಡಿ ಇದೆ" ಎಂದು ಹಿಂದೆ ಬಿದ್ದರು. ಲೆಕ್ಕ ಹಾಕಿ ನೋಡಿ. 9,90,000ಕ್ಕೆ 14 ಪರ್ಸೆಂಟ್ ಅಂದರೆ 1,38,600. 10,15,000ಕ್ಕೆ 17 ಪರ್ಸೆಂಟ್ ಅಂದರೆ 1,72,550. ಬರೀ ಟ್ಯಾಕ್ಸ್‌ನಲ್ಲೇ 34 ಸಾವಿರದ ಹತ್ತಿರ ವ್ಯತ್ಯಾಸ. ಜೊತೆಗೆ 10 ಲಕ್ಷ ದಾಟಿದ ಗಾಡಿಗೆ 1 ಪರ್ಸೆಂಟ್ ಟಿಸಿಎಸ್ ಹಿಡಿಯುತ್ತಾರೆ, ಅಂದರೆ ಮಾರುವವರೇ ನಿಮ್ಮಿಂದ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ. ಟಿಸಿಎಸ್ ನಿಮ್ಮ ಪಾನ್ ಲೆಕ್ಕಕ್ಕೆ ಸೇರುತ್ತದೆ, ರಿಟರ್ನ್ ಹಾಕುವಾಗ ವಾಪಸ್ ಪಡೆಯಬಹುದು, ಆದರೆ ಆವತ್ತು ಕೈಯಿಂದ ಕೊಡಲೇಬೇಕು. 25 ಸಾವಿರ ಅಂದವರು ಇದ್ಯಾವುದನ್ನೂ ಹೇಳಲಿಲ್ಲ.

ಇನ್ಶೂರೆನ್ಸ್‌ನಲ್ಲಿ ಅವರ ಲಾಭ ಜಾಸ್ತಿ, ಹಾಗಾಗಿ ಹಟವೂ ಜಾಸ್ತಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ) ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ ಹಾಗೇ ಇದೆ. ಇದರ ದರ ಸರ್ಕಾರ ಹೇಳಿದ್ದು, ಎಲ್ಲ ಕಂಪನಿಗೂ ಒಂದೇ. 2022ರ ಜೂನ್ ಪಟ್ಟಿಯಲ್ಲಿ 1000ದಿಂದ 1500 ಸಿಸಿ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ ಮತ್ತು ಜಿಎಸ್‌ಟಿ. ಅಂದರೆ ಶೋರೂಮ್ ಕೊಟೇಶನ್‌ಗೂ ಹೊರಗಿನದಕ್ಕೂ ವ್ಯತ್ಯಾಸ ಬರುವುದು ಮಿಕ್ಕ ಭಾಗದಲ್ಲಿ, ಅಂದರೆ ನಿಮ್ಮ ಗಾಡಿಯ ಡ್ಯಾಮೇಜ್ ಕವರ್‌ನಲ್ಲಿ. ನಮಗೆ ಅವರು ಹೇಳಿದ್ದು 54 ಸಾವಿರ. ಅದೇ ಇನ್ಶೂರೆನ್ಸ್ ಕಂಪನಿ, ಅದೇ ಐಡಿವಿ (ಇನ್ಶೂರೆನ್ಸ್‌ಗೆ ಹಿಡಿಯುವ ಗಾಡಿಯ ಬೆಲೆ), ಅದೇ ಝೀರೋ ಡೆಪ್ (ಪಾರ್ಟ್ಸ್ ಹಳೆಯದಾಯಿತು ಎಂದು ಕ್ಲೇಮ್‌ನಲ್ಲಿ ಕಡಿತ ಮಾಡದ ಕವರ್), ನಾನು ನೇರವಾಗಿ ಕೇಳಿದಾಗ 38 ಸಾವಿರ. ಇದನ್ನು ತೋರಿಸಿದಾಗ ಸೇಲ್ಸ್ ಮ್ಯಾನೇಜರ್ ಹೇಳಿದ ಮಾತು ಕೇಳಿ. "ಹೊರಗಡೆ ಮಾಡಿಸಿದ್ರೆ ನಮ್ಮಲ್ಲಿ ಕ್ಯಾಶ್‌ಲೆಸ್ ಆಗಲ್ಲ ಸರ್, ವಾರಂಟಿಗೂ ತೊಂದರೆ ಆಗುತ್ತೆ." ಎರಡೂ ಸುಳ್ಳು. ಕ್ಯಾಶ್‌ಲೆಸ್, ಅಂದರೆ ರಿಪೇರಿ ಬಿಲ್ಲನ್ನು ಇನ್ಶೂರೆನ್ಸ್ ಕಂಪನಿಯೇ ನೇರವಾಗಿ ಕಟ್ಟುವುದು, ಆಗುವುದು ಇನ್ಶೂರೆನ್ಸ್ ಕಂಪನಿಗೂ ವರ್ಕ್‌ಶಾಪ್‌ಗೂ ಇರುವ ಒಪ್ಪಂದದ ಮೇಲೆ. ಪಾಲಿಸಿ ಎಲ್ಲಿ ತಗೊಂಡಿರಿ ಅನ್ನುವುದರ ಮೇಲೆ ಅಲ್ಲ. ವಾರಂಟಿಗೂ ಇನ್ಶೂರೆನ್ಸ್‌ಗೂ ಸಂಬಂಧವೇ ಇಲ್ಲ. ಹದಿನೈದು ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ನಿಮ್ಮ ಹೆಸರಲ್ಲಿ ಈಗಾಗಲೇ ಇದ್ದರೆ ಅದನ್ನೂ ಮತ್ತೆ ಕೊಳ್ಳಬೇಕಿಲ್ಲ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಮ್ಯಾಟು, ಮಡ್‌ಫ್ಲ್ಯಾಪು, ಬಾಡಿ ಕವರ್ ಸೇರಿಸಿದ ಕಿಟ್ ಕಡ್ಡಾಯ ಅಂದರು. ಬೇಡ ಅಂದೆವು. ಬಿಟ್ಟರು.

ಇಷ್ಟು ಆಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ನಿಜವಾಗಿ ಹೊಟ್ಟೆ ಉರಿಯುವುದು ಮುಂದಿನದ್ದಕ್ಕೆ.

ಬುಕ್ ಮಾಡಿದ ದಿನವೇ ನಾನು ವಾಟ್ಸಾಪ್‌ನಲ್ಲಿ ಬರೆದು ಹಾಕಿದ್ದೆ. ಗಾಡಿ ಅಲಾಟ್ ಆದ ಕೂಡಲೇ ಚಾಸಿ ನಂಬರ್ ಕಳಿಸಿ, ನಾವು ಬಂದು ನೋಡಿ ಒಪ್ಪಿದ ಮೇಲೆ ರಿಜಿಸ್ಟ್ರೇಶನ್ ಮಾಡಿಸಿ ಎಂದು. ಸೇಲ್ಸ್ ಹುಡುಗ "ಓಕೆ ಸರ್" ಎಂದು ಉತ್ತರ ಹಾಕಿದ್ದಾನೆ. ಆಮೇಲೆ ಬ್ಯಾಂಕಿನಿಂದ ಸಾಲದ ದುಡ್ಡು ಅವರ ಅಕೌಂಟಿಗೆ ಹೋಯಿತು. ಅಲ್ಲಿಂದ ಫೋನ್ ಎತ್ತುವುದೇ ನಿಂತಿತು. ಯಾರ್ಡ್‌ಗೆ ಬರುತ್ತೇವೆ ಅಂದರೆ ಕಸ್ಟಮರ್‌ಗಳನ್ನು ಒಳಗೆ ಬಿಡಲ್ಲ ಅಂದರು. ನಂಬರ್ ಕೇಳಿದರೆ ಸಿಸ್ಟಮ್‌ನಲ್ಲಿ ಇನ್ನೂ ಬಂದಿಲ್ಲ ಅಂದರು. ಒಂದು ಸಂಜೆ ಮೊಬೈಲಿಗೆ ಮೆಸೇಜ್ ಬಂತು, ನಿಮ್ಮ ವಾಹನಕ್ಕೆ ಕೆಎ 14 ನಂಬರ್ ಸಿಕ್ಕಿದೆ ಎಂದು. ನಾವಿನ್ನೂ ಗಾಡಿಯ ಮುಖವನ್ನೇ ನೋಡಿರಲಿಲ್ಲ.

ಡೆಲಿವರಿ ಬೆಳಿಗ್ಗೆ ಎಂದು ಹೇಳಿ ಕತ್ತಲಾಗುವ ತನಕ ಕೂರಿಸಿದರು. ವಾಶ್ ಆಗ್ತಿದೆ, ಪಾಲಿಶ್ ಆಗ್ತಿದೆ, ಹೀಗೆ. ಆಮೇಲೆ ಗಾಡಿಗೆ ರಿಬ್ಬನ್ ಕಟ್ಟಿ, ಹಾರ ಹಾಕಿ, ಕೇಕ್ ತಂದಿಟ್ಟು, ಫೋಟೋ ತೆಗೆಯಲು ನಿಲ್ಲಿ ಅಂದರು. ನನ್ನ ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಟಿಂಕರಿಂಗ್, ಪೇಂಟಿಂಗ್ ಕೆಲಸ ಮಾಡಿ ರಿಟೈರ್ ಆದವರು. ಅವರು ಫೋಟೋಗೆ ಬರಲಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಒಂದೊಂದೇ ಬಾಗಿಲು ತೆಗೆದು ನೋಡುತ್ತಾ ಹೋದರು. ಎಡಗಡೆ ಹಿಂದಿನ ಬಾಗಿಲಿನ ಹತ್ತಿರ ನಿಂತರು. ಬಾಗಿಲಿನ ಸುತ್ತ ಕಪ್ಪು ರಬ್ಬರ್ ಬೀಡಿಂಗ್ ಇರುತ್ತದಲ್ಲ, ಅದರ ಅಂಚಿನಲ್ಲಿ ತೆಳ್ಳಗೆ ಇಬ್ಬನಿ ಕೂತಂತೆ ಬಿಳಿ ಪದರ. ಉಗುರಿನಲ್ಲಿ ಕೆರೆದರೆ ಪುಡಿ ಬಂತು. ಮರೆಮಾಚುವ ಟೇಪ್ ಸರಿಯಾಗಿ ಅಂಟಿಸದೆ ಸ್ಪ್ರೇ ಹೊಡೆದಾಗ ಹೀಗಾಗುತ್ತದೆ ಎಂದರು. ಹಿಂಜ್‌ನ ಬೋಲ್ಟ್ ತಲೆಗಳ ಮೂಲೆಯಲ್ಲಿ ಬಣ್ಣ ಕಿತ್ತಿತ್ತು, ಸ್ಪ್ಯಾನರ್ ಹಾಕಿದ ಗುರುತು. ಮಿಕ್ಕ ಮೂರು ಬಾಗಿಲಿನ ಬೋಲ್ಟ್‌ಗಳ ಮೇಲೆ ಬಣ್ಣ ಹಾಗೇ ಇತ್ತು.

"ಏನಪ್ಪಾ ತಮ್ಮಾ, ಈ ಬಾಗಿಲು ಯಾವಾಗ ಬಿಚ್ಚಿದ್ದು?" ಎಂದು ಅಪ್ಪ ಕೇಳಿದರು. ಹುಡುಗ ತಲೆ ತಗ್ಗಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಟಾರ್ಗೆಟ್ ಕೊಟ್ಟು ಓಡಿಸುವವರು ಬೇರೆ. ಮ್ಯಾನೇಜರ್ ಬಂದು, "ಅಂಕಲ್, ಲಾರಿಯಿಂದ ಇಳಿಸುವಾಗ ಸಣ್ಣ ಗೀರು ಆಗಿತ್ತು, ಟಚಪ್ ಮಾಡಿಸಿದ್ದೀವಿ, ಅದೇನೂ ಅಲ್ಲ" ಅಂದರು. ಗೀರು ಬಿದ್ದರೆ ಬಾಗಿಲು ಯಾಕೆ ಬಿಚ್ಚುತ್ತೀರಿ? ಇದಕ್ಕೆ ಉತ್ತರ ಇಲ್ಲ. ಬೇರೆ ಗಾಡಿ ಕೊಡಿ ಅಂದೆವು. ನಿಮ್ಮ ಹೆಸರಿಗೆ ನಂಬರ್ ಬಂದಾಗಿದೆ, ಈಗ ಏನೂ ಮಾಡಕ್ಕಾಗಲ್ಲ ಅಂದರು. ನೋಡುವ ಮೊದಲೇ ರಿಜಿಸ್ಟ್ರೇಶನ್ ಮಾಡಿಸುವ ಆತುರ ಯಾಕಿತ್ತು ಅನ್ನುವುದು ಆಗ ಅರ್ಥವಾಯಿತು.

ಆವತ್ತು ಗಾಡಿ ತೆಗೆದುಕೊಳ್ಳದೆ ವಾಪಸ್ ಬಂದೆವು. ಅಮ್ಮ ಪೂಜೆಗೆ ಬೂದುಗುಂಬಳಕಾಯಿ, ನಿಂಬೆಹಣ್ಣು ಎಲ್ಲ ತಂದಿಟ್ಟಿದ್ದರು. ಆ ಹಬ್ಬ ನಮ್ಮ ಮನೆಯಲ್ಲಿ ಹೇಗೆ ಕಳೆಯಿತು ಅಂತ ಹೇಳುವುದೇ ಬೇಡ. ಕಂಪನಿಯ ಕಸ್ಟಮರ್ ಕೇರ್‌ಗೆ ಫೋಟೋ, ವಿಡಿಯೋ, ವಾಟ್ಸಾಪ್ ಮಾತು ಎಲ್ಲ ಸೇರಿಸಿ ಇಮೇಲ್ ಹಾಕಿದೆ. ಕಂಪನಿಯಿಂದ ಒಬ್ಬರು ಬಂದು ಬಣ್ಣದ ದಪ್ಪ ಅಳೆಯುವ ಗೇಜ್ ಇಟ್ಟು ನೋಡಿದರು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ ನೂರರಿಂದ ನೂರೈವತ್ತು ಮೈಕ್ರಾನ್ ಇರುತ್ತದೆ. ಮಿಕ್ಕ ಕಡೆ ಹಾಗೇ ಇತ್ತು, ಆ ಬಾಗಿಲಿನಲ್ಲಿ ಅದರ ದುಪ್ಪಟ್ಟು. ಅಷ್ಟಾದ ಮೇಲೂ ಅವರು ಕೊಡಲು ಒಪ್ಪಿದ್ದು ಎಕ್ಸ್‌ಟೆಂಡೆಡ್ ವಾರಂಟಿ ಮತ್ತು ಸ್ವಲ್ಪ ಆಕ್ಸೆಸರಿ. ಗಾಡಿ ಬದಲಾಯಿಸುವ ಮಾತೇ ಇಲ್ಲ. ಇತ್ತ ಇಎಂಐ ಶುರುವಾಗಿತ್ತು. ಬ್ಯಾಂಕ್ ದುಡ್ಡು ಬಿಟ್ಟ ದಿನದಿಂದಲೇ ಬಡ್ಡಿ ಓಡುತ್ತದೆ, ಗಾಡಿ ನಿಮ್ಮ ಕೈಗೆ ಬಂದಿದೆಯೋ ಇಲ್ಲವೋ ಅದು ನೋಡುವುದಿಲ್ಲ. ಹಾಗಾಗಿ ನಾನು ಹೇಳುವ ತನಕ ದುಡ್ಡು ಬಿಡಬೇಡಿ ಎಂದು ಬ್ಯಾಂಕಿಗೇ ಬರೆದುಕೊಡಿ. ಡೀಲರ್ ಮೂಲಕ ಸಾಲ ಮಾಡಿದ್ದರೆ ಇದು ಇನ್ನೂ ಮುಖ್ಯ.

ಕೊನೆಗೆ ಗಾಡಿ ತರಲೇಬೇಕಾಯಿತು. ಆದರೆ ಡೆಲಿವರಿ ನೋಟ್‌ನಲ್ಲಿ "ಗಾಡಿ ಸುಸ್ಥಿತಿಯಲ್ಲಿದೆ" ಎಂಬ ಸಾಲಿನ ಕೆಳಗೆ ನನ್ನ ಕೈಬರಹದಲ್ಲಿ, ಎಡ ಹಿಂಬಾಗಿಲು ಬಿಚ್ಚಿ ಮರು ಬಣ್ಣ ಮಾಡಿರುವುದು ಕಂಡಿದೆ, ನನ್ನ ತಕರಾರು ಉಳಿಸಿಕೊಂಡು ಪಡೆಯುತ್ತಿದ್ದೇನೆ ಎಂದು ಬರೆದು ಆಮೇಲೆ ಸಹಿ ಹಾಕಿದೆ. ಮ್ಯಾನೇಜರ್ ತಡೆಯಲು ನೋಡಿದರು. ಹಾಗಾದರೆ ಸಹಿ ಇಲ್ಲ ಅಂದೆ. ಬಿಟ್ಟರು. ಆ ಕಾಗದದ ಫೋಟೋ ಈಗ ದೂರಿನ ಜೊತೆ ಇದೆ.

ದೂರು ಕೊಡುವುದು ದೊಡ್ಡ ಕಷ್ಟ ಎಂದು ಹೆದರಬೇಡಿ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಹಣ 50 ಲಕ್ಷದ ತನಕ ಇದ್ದರೆ ಅಲ್ಲೇ ಆಗುತ್ತದೆ. 5 ಲಕ್ಷದ ತನಕ ಶುಲ್ಕ ಇಲ್ಲ, 10 ಲಕ್ಷದ ತನಕ 200 ರೂಪಾಯಿ, 20 ಲಕ್ಷದ ತನಕ 400. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಶೋರೂಮ್ ಬೆಂಗಳೂರಲ್ಲಿದ್ದರೂ ಸರಿ. ಆನ್‌ಲೈನ್‌ನಲ್ಲಿ ಇ-ಜಾಗೃತಿ ಪೋರ್ಟಲ್ ಇದೆ. ಘಟನೆ ನಡೆದು ಎರಡು ವರ್ಷದ ಒಳಗೆ ಹಾಕಬೇಕು, ಅಷ್ಟು ನೆನಪಿರಲಿ.

ಗಾಡಿ ನೋಡಲು ಹೋಗುವಾಗ ಕೆಲಸ ಗೊತ್ತಿರುವ ಒಬ್ಬರನ್ನು ಕರೆದುಕೊಂಡು ಹೋಗಿ, ಊರಿನ ಗ್ಯಾರೇಜ್ ಮೇಸ್ತ್ರಿ ಆದರೂ ಸಾಕು. ಬಾಗಿಲಿನ ಬೀಡಿಂಗ್, ಬಾನೆಟ್ ಮತ್ತು ಫೆಂಡರ್ ಬೋಲ್ಟ್‌ಗಳನ್ನು ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3225 ಅಂತಿದ್ದರೆ 2025ರ 32ನೇ ವಾರ ತಯಾರಾದದ್ದು. ಐದೂ ಟೈರ್ ಹತ್ತಿರ ಹತ್ತಿರದ ತಾರೀಕಿನದಾಗಿರಬೇಕು, ಒಂದು ಮಾತ್ರ ಬೇರೆ ಇದ್ದರೆ ಯಾಕೆ ಎಂದು ಕೇಳಿ. ಗಾಡಿ ತಯಾರಾದ ತಿಂಗಳು, ವರ್ಷ ಫಾರ್ಮ್ 21ರಲ್ಲಿ (ಶೋರೂಮ್‌ನವರು ಕೊಡುವ ಮಾರಾಟದ ಪತ್ರ) ಇರುತ್ತದೆ, ಆರ್‌ಸಿಯಲ್ಲೂ ಅದೇ ಬರುತ್ತದೆ. ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಗಾಡಿ ತಗೊಳ್ಳುವವರು ಇದನ್ನು ಖಂಡಿತ ನೋಡಿ, ಯಾಕೆಂದರೆ ಹಳೇ ವರ್ಷದ ಸ್ಟಾಕ್ ಅನ್ನು ಹೊಸದರ ಬೆಲೆಗೇ ಕೊಟ್ಟುಬಿಡುತ್ತಾರೆ, ಮಾರುವಾಗ ನಿಮಗೆ ಒಂದು ವರ್ಷದ ಬೆಲೆ ಕಡಿಮೆ ಆಗುತ್ತದೆ. ಕತ್ತಲಲ್ಲಿ, ಶೋರೂಮ್ ಲೈಟ್ ಕೆಳಗೆ ಮಾತ್ರ ತೋರಿಸುತ್ತೇವೆ ಅಂದರೆ ನಾಳೆ ಬೆಳಿಗ್ಗೆ ಬರುತ್ತೇವೆ ಎಂದು ಹೇಳಿ ಎದ್ದು ಬನ್ನಿ. ಮುಹೂರ್ತ ಇನ್ನೊಂದು ಸಿಗುತ್ತದೆ.

ನಿಮ್ಮ ಕೈಯಲ್ಲಿ ಈಗ ಕೊಟೇಶನ್ ಇದ್ದು, ಯಾವುದು ಕಟ್ಟಬೇಕು ಯಾವುದು ಬೇಡ ಅನ್ನುವ ಗೊಂದಲ ಇದ್ದರೆ ಹೆಸರು, ನಂಬರ್ ಅಳಿಸಿ ಫೋಟೋ ಹಾಕಿ. ಸಾಲು ಸಾಲಾಗಿ ನೋಡಿ ಹೇಳುತ್ತೇನೆ. ಬಾಗಿಲು, ಬಣ್ಣದ ಫೋಟೋ ಇದ್ದರೆ ಅಪ್ಪನಿಗೆ ತೋರಿಸುತ್ತೇನೆ.