ಎಂಸಿಆರ್ ಚಪ್ಪಲಿ: ಶಿರಸಿಯಲ್ಲಿ ಎರಡು ಮಳೆಗಾಲ ಕಳೆದ ಮೇಲೆ

ಡಾಕ್ಟರ ಚೀಟಿಯಲ್ಲಿ ಚಪ್ಪಲಿ ಬರೆದಿದ್ದು ನೋಡಿ ನನಗೆ ಮೊದಲು ನಗುವೇ ಬಂದಿತ್ತು. ಸಕ್ಕರೆ ಕಾಯಿಲೆ ಶುರುವಾಗಿ ಆಗ 14 ವರ್ಷ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿಸಿ, ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ನೋಡಿದರು. ಬಾಗುವಷ್ಟು ಒತ್ತಿದರೆ 10 ಗ್ರಾಂ ಭಾರ ಬೀಳುವ ಎಳೆ ಅದು. ‘ಯಾವಾಗ ಶುರು ಮಾಡ್ತೀರಿ?’ ಅಂತ ಕೇಳಿದೆ. ಅವರು ಆಗಲೇ ನಾಲ್ಕು ಕಡೆ ಮುಟ್ಟಿ ಮುಗಿಸಿದ್ದರು. ನಗು ನಿಂತಿತು.

ಚಪ್ಪಲಿ ನೋಡೋಕೆ ಏನೂ ಚಂದ ಇಲ್ಲ. ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ತುಂಬಿದ ಮೆತ್ತನೆ ರಬ್ಬರು (ಮೈಕ್ರೋಸೆಲ್ಯುಲರ್ ರಬ್ಬರ್, ಎಂಸಿಆರ್ ಅಂದರೆ ಇದೇ), ಕೆಳಗೆ ಗಟ್ಟಿ ಅಟ್ಟೆ. ಹಿಮ್ಮಡಿ ಹಿಂದೆ ಒಂದು ಪಟ್ಟಿ, ಎಲ್ಲಕ್ಕೂ ವೆಲ್ಕ್ರೋ. ಉಂಗುಷ್ಠ ಇಲ್ಲ, ಮೊಳೆ ಒಂದೂ ಇಲ್ಲ. ಹೆಬ್ಬೆರಳ ಬುಡದಲ್ಲೇ ಬೀಳುತ್ತಿದ್ದ ಭಾರ ಇದರಲ್ಲಿ ಪಾದದ ತುಂಬ ಹರಡುತ್ತದೆ. ಅಳತೆ ತೆಗೆದು ಮಾಡಿಸಿದ್ದಕ್ಕೆ 2,600 ರೂಪಾಯಿ ಆಯಿತು.

ಇಂಥ ಚಪ್ಪಲಿ ಮೊದಲು ಬಳಕೆಗೆ ಬಂದಿದ್ದು ಕುಷ್ಠರೋಗದಿಂದ ಪಾದದ ಅರಿವು ಹೋದವರಿಗೆ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಅವರ ಜೊತೆಯವರು ಅದಕ್ಕಾಗಿ ಬಹಳ ದುಡಿದಿದ್ದರು. ಇದು ಕುಷ್ಠರೋಗದವರ ಚಪ್ಪಲಿ ಅನ್ನೋ ನೆನಪು ಹಳಬರಿಗೆ ಇನ್ನೂ ಇದೆ. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜ ನನ್ನ ಕಪ್ಪು ಪಟ್ಟಿ ನೋಡಿದವನೇ ಬೆಂಚಿನ ಆ ತುದಿಗೆ ಸರಿದು ಕೂತ. ಸಿಟ್ಟು ಬಂತು. ಆದರೆ ಏನಂತ ಹೇಳೋದು?

ಮೊದಲ ದಿನ ಒಂದು ಗಂಟೆ ಮಾತ್ರ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ ಅಂದಿದ್ದರು. ನಾನು ಮೂರನೇ ದಿನವೇ ಹಾಕಿಕೊಂಡು ಬನವಾಸಿಯ ಮದುವೆಗೆ ಹೋದೆ. ರಾತ್ರಿ ನೋಡಿದರೆ ಕಿರುಬೆರಳ ಪಕ್ಕ ರೂಪಾಯಿ ನಾಣ್ಯದಷ್ಟು ಕೆಂಪು. ಬೆಳಿಗ್ಗೆಯೂ ಹೋಗಿರಲಿಲ್ಲ. ನೋವಂತೂ ಇಲ್ಲವೇ ಇಲ್ಲ, ಭಯ ಇರೋದೇ ಅಲ್ಲಿ. ವಾಪಸ್ ಒಯ್ದು ಆ ಪಟ್ಟಿ ಸಡಿಲ ಮಾಡಿಸಿದೆ.

ನಿಜವಾದ ಜಗಳ ನಡೆದಿದ್ದು ಮನೆಯೊಳಗೆ. ‘ಎಂತದಾ ತಮಾ, ಚಪ್ಪಲಿ ಹಾಕ್ಯಂಡು ಒಳಗೆ ಬಂದ್ಯಲಾ!’ ಅಂತ ಅಮ್ಮ ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು. ಅವಳ ತಪ್ಪೇನೂ ಇಲ್ಲ. ಆದರೆ ನಾನು ಇಡೀ ದಿನ ಓಡಾಡುವುದು ಜಗಲಿ, ಕೊಟ್ಟಿಗೆ, ಬಚ್ಚಲು, ಅಡುಗೆಮನೆ ನಡುವೆಯೇ ಅಲ್ವಾ? ಪೇಟೆಗೆ ಹೋಗುವಾಗ ಮಾತ್ರ ಹಾಕಿದರೆ ಏನು ಬಂತು? ಕೊನೆಗೆ ಎರಡನೇ ಜೊತೆ ಮಾಡಿಸಿದೆ. ಅದು ಅಂಗಳವನ್ನೇ ಕಂಡಿಲ್ಲ. ದೇವರ ಕೋಣೆ ಬಿಟ್ಟು ಎಲ್ಲ ಕಡೆ ಪರವಾನಗಿ ಸಿಕ್ಕಿದೆ.

ಮಳೆಗಾಲದ ಕಥೆ ಬೇರೆ. ಮೊದಲ ಜುಲೈಯಲ್ಲಿ ಪಟ್ಟಿಗೆಲ್ಲ ಬೂಸ್ಟು ಹಿಡಿಯಿತು. ನಾನು ಜಾಣತನ ಮಾಡಿ ಬಚ್ಚಲ ಒಲೆಯ ಪಕ್ಕ ಒಣಗಲು ಇಟ್ಟೆ. ಬೆಳಿಗ್ಗೆ ಅಂಟು ಬಿಟ್ಟು, ಒಳಗಿನ ಹಾಸು ಸುಟ್ಟ ಹಲಸಿನ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಈಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೇ ಪೇಪರ್ ತುರುಕಿ, ಫ್ಯಾನಿನ ಕೆಳಗೆ ಇಡುತ್ತೇನೆ. ಬಿಸಿಲಿಗೂ ಇಡಬಾರದು. ವೆಲ್ಕ್ರೋದಲ್ಲಿ ಅಡಿಕೆ ಸಿಪ್ಪೆಯ ನಾರು, ದನದ ಕೂದಲು ಸಿಕ್ಕಿಕೊಂಡು ಹಿಡಿತ ಹೋಗುತ್ತದೆ. ಹಳೇ ಟೂತ್‌ಬ್ರಶ್‌ನಿಂದ ಉಜ್ಜಿದರೆ ಸಾಕು.

ಹೊರಗಿನ ಜೊತೆಯ ಹಾಸು ಒಂಬತ್ತು ತಿಂಗಳಿಗೇ ಸತ್ತಿತ್ತು. ಮೇಲಿಂದ ನೋಡಿದರೆ ಹೊಸದೇ. ಹೆಬ್ಬೆರಳ ಬುಡದ ಜಾಗವನ್ನು ಕೈಯಿಂದ ಒತ್ತಿದರೆ ಮಾತ್ರ ಕೆಳಗಿನ ಗಟ್ಟಿ ಅಟ್ಟೆ ತಾಗುತ್ತಿತ್ತು. ತಿಂಗಳಿಗೊಮ್ಮೆ ಹೀಗೆ ಒತ್ತಿ ನೋಡಿ. ಬರೀ ಹಾಸು ಬದಲಿಸಲು 450 ರೂಪಾಯಿ ತೆಗೆದುಕೊಂಡರು.

ತೋಟಕ್ಕೆ ಇದು ಆಗಿಬರುವುದಿಲ್ಲ. ಕೆಸರಲ್ಲಿ ಜಾರುತ್ತದೆ, ತೆರೆದ ಪಕ್ಕದಿಂದ ಏನು ಬೇಕಾದರೂ ಒಳಗೆ ಬರುತ್ತದೆ. ಹೋದ ತಿಂಗಳು ಸಂಜೆ ಕೊಡವಿದಾಗ ಒಣಗಿದ ಅಡಿಕೆ ಸಿಪ್ಪೆಯ ಚೂರೊಂದು ಬಿತ್ತು. ಬೆಳಿಗ್ಗೆಯಿಂದ ಅದರ ಮೇಲೇ ನಡೆದಿದ್ದೆ. ಅವತ್ತಿನಿಂದ ಹಾಕುವ ಮೊದಲು ಒಳಗೆ ಕೈಯಾಡಿಸುತ್ತೇನೆ, ರಾತ್ರಿ ಹೆಂಡತಿ ಟಾರ್ಚ್ ಬಿಟ್ಟು ಅಂಗಾಲು ನೋಡುತ್ತಾಳೆ.

ಪಾದದಲ್ಲಿ ಇಲ್ಲಿಯವರೆಗೆ ಹುಣ್ಣಾಗಿಲ್ಲ. ಮೂರನೇ ಜೊತೆಗೆ ಅಳತೆ ಕೊಟ್ಟು ಬಂದಿದ್ದೇನೆ. ಈ ಸಲ ಪಟ್ಟಿ ಕಂದು ಬಣ್ಣದ್ದು.