ಕೊಡಗಿನ ಮನೆಗೆ ಯಾವ ಪೈಪು? ನಾಲ್ಕನ್ನೂ ಹಾಕಿಸಿ ನೋಡಿದ ಮೇಲೆ

"ಪೈಪು ತುಕ್ಕು ಹಿಡಿಯೋದು ನಮ್ಮ ಉಪ್ಪುಗಾಳಿಗೆ. ನಿಮ್ಮ ಮಡಿಕೇರಿ ಕಡೆ ಏನು ತೊಂದರೆ?" ಎಂದು ಮಂಗಳೂರಿನ ಭಾವ ಕೇಳುತ್ತಿರುತ್ತಾರೆ. ಅವರಲ್ಲಿ ತುಕ್ಕು ಹೊರಗಿನಿಂದ ತಿನ್ನುತ್ತದೆ, ನಮ್ಮಲ್ಲಿ ಒಳಗಿನಿಂದ. ನಮ್ಮ ಕೊಲ್ಲಿಯ, ಅಂದರೆ ಬೆಟ್ಟದ ತೊರೆಯ, ನೀರು ಮೆದು, ಸ್ವಲ್ಪ ಹುಳಿ ಗುಣದ್ದು. ಜಿಐ ಪೈಪಿನ, ಅಂದರೆ ಸತು ಬಳಿದ ಕಬ್ಬಿಣದ ಪೈಪಿನ, ಲೇಪವನ್ನು ಅದು ನಿಧಾನಕ್ಕೆ ಕರಗಿಸಿಬಿಡುತ್ತದೆ.

ಹಳೆಯ ಮನೆಯಲ್ಲಿದ್ದದ್ದು ಜಿಐ. ಬೆಳಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಕೆಂಪು ನೀರು. ಲೀಕ್ ಶುರುವಾಗುವುದು ಯಾವಾಗಲೂ ಮರೆಯ (ಪೈಪಿನ ತುದಿಯ ತಿರುಪಿನ ಗೀರುಗಳ) ಹತ್ತಿರ. ಮರೆ ಕೊಯ್ಯುವಾಗ ಸತು ಹೋಗುತ್ತದೆ, ಪೈಪೂ ಅಲ್ಲೇ ತೆಳುವಾಗುತ್ತದೆ ಅಲ್ವಾ? ಜಿಐ ಬೇಕೇ ಬೇಕು ಅನ್ನುವವರು ಬಣ್ಣದ ಪಟ್ಟಿ ನೋಡಿ ತನ್ನಿ. ಹಳದಿ ತೆಳುವಾದದ್ದು, ನೀಲಿ ಮಧ್ಯಮ, ಕೆಂಪು ದಪ್ಪ. ಹಳದಿ ನಮ್ಮ ನೀರಿಗೆ ಸುಮ್ನೆ ದಂಡ.

ಕೊಲ್ಲಿಯಿಂದ ಟ್ಯಾಂಕಿಗೆ ಬರುವ ಲೈನಿಗೆ ಮೊದಲು ಪಿವಿಸಿ ಇತ್ತು, ಆಮೇಲೆ ಬಾಗುವ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ. ಇಲ್ಲಿ ಹೋಲಿಕೆಯೇ ಬೇಡ. ಬಿಸಿಲಿಗೆ ಬಿದ್ದ ಪಿವಿಸಿ ಬಿರುಸಾಗುತ್ತದೆ, ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಗಾಳಿಮಳೆಗೆ ಸಿಲ್ವರ್ ಓಕಿನ ಕೊಂಬೆ ಬಿದ್ದರೆ ಚೂರು. ಎಚ್‌ಡಿಪಿಇ ಬಾಗುತ್ತದೆ, ಮುರಿಯುವುದಿಲ್ಲ. ಸುರುಳಿಯಲ್ಲಿ ಬರುವುದರಿಂದ ಜಾಯಿಂಟೂ ಕಡಿಮೆ. ಆದರೆ ಮುಳ್ಳುಹಂದಿಗೆ ಎರಡೂ ಒಂದೇ, ಕಡಿದೇ ಕಡಿಯುತ್ತದೆ. ಮಣ್ಣಿನೊಳಗೆ ಹೂಳುವುದೇ ಮದ್ದು.

ಅಂಗಡಿಯಲ್ಲಿ ಸಾಮಾನ್ಯವಾಗಿ ಯಾರೂ ಹೇಳದ ಒಂದು ಲೆಕ್ಕವಿದೆ. ನೀರು 10 ಮೀಟರ್ ಇಳಿದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ. ಕೊಲ್ಲಿ ಮನೆಗಿಂತ 50 ಮೀಟರ್ ಮೇಲಿದ್ದರೆ, ಕೆಳಗೆ ವಾಲ್ವ್ ಮುಚ್ಚಿದಾಗ ಪೈಪಿನ ಮೇಲೆ 5 ಕೆಜಿ ಬೀಳುತ್ತದೆ. ಅಂಥ ಕಡೆ 4 ಕೆಜಿ ಒತ್ತಡ ತಡೆಯುವ ಪೈಪು ಹಾಕಿ, ಒಡೆಯಿತು ಅಂತ ಕಂಪನಿಯನ್ನು ಬೈಯುವವರು ನಮ್ಮೂರಲ್ಲೇ ಇದ್ದಾರೆ. 6 ಕೆಜಿಯದ್ದೂ ಬಿಗಿಯೇ, 8 ಕೆಜಿಯದ್ದು ತನ್ನಿ. ಲೈನು ಏರಿಳಿದು ಬರುವುದಾದರೆ ಎತ್ತರದ ಜಾಗದಲ್ಲಿ ಗಾಳಿ ಕಟ್ಟಿಕೊಂಡು ನೀರು ನಿಲ್ಲುತ್ತದೆ. ಅಲ್ಲೊಂದು ಸಣ್ಣ ನಲ್ಲಿ ಇಟ್ಟರೆ ಗಾಳಿ ಬಿಡಬಹುದು.

ಮನೆಯೊಳಗೆ ನನ್ನ ಓಟು ಸಿಪಿವಿಸಿಗೆ, ಅಂದರೆ ಬಿಸಿ ತಡೆಯುವ ಪಿವಿಸಿಗೆ. ತುಕ್ಕಿಲ್ಲ, 93 ಡಿಗ್ರಿವರೆಗಿನ ಬಿಸಿನೀರಿಗೂ ಆಗುತ್ತದೆ. ಮಾಮೂಲಿ ಪಿವಿಸಿಯನ್ನು ಬಿಸಿನೀರಿಗೆ ಹಾಕಿದರೆ ಮೆತ್ತಗಾಗಿ ಜೋತುಬೀಳುತ್ತದೆ. ಆದರೆ ಸೌದೆ ಒಲೆಯ ಬಾಯ್ಲರಿನಲ್ಲಿ ನೀರು ಕುದಿದೇ ಕುದಿಯುತ್ತದೆ, ಬೆಂಕಿಗೆ ಥರ್ಮೋಸ್ಟಾಟ್ ಎಲ್ಲಿಂದ ಬರಬೇಕು? ಅದಕ್ಕೇ ಬಾಯ್ಲರಿನಿಂದ ಹೊರಡುವ ಮೊದಲ ಕೆಲವು ಅಡಿ ಮಾತ್ರ ಕೆಂಪು ಪಟ್ಟಿಯ ಜಿಐ ಉಳಿಸಿಕೊಂಡಿದ್ದೇವೆ.

ಸಿಪಿವಿಸಿಯ ಕಷ್ಟ ಅಂಟಿನದ್ದು. ಜುಲೈ ತಿಂಗಳ ತೇವದಲ್ಲಿ ಅಂಟು ಬೇಗ ಹಿಡಿಯುವುದಿಲ್ಲ. ಪೈಪಿನ ತುದಿಯನ್ನು ಒಣಬಟ್ಟೆಯಲ್ಲಿ ಒರೆಸಬೇಕು, ಡಬ್ಬಿಯ ಮೇಲೆ ಬರೆದ ಸಮಯಕ್ಕಿಂತ ಜಾಸ್ತಿ ಕಾಯಬೇಕು. ಗೋಡೆಯೊಳಗಿನ ಲೈನು ಹಾಕಿಸುವ ಕೆಲಸವನ್ನು ಬೇಸಿಗೆಗೇ ಇಟ್ಟುಕೊಳ್ಳಿ. ಗಾರೆ ಮುಚ್ಚುವ ಮೊದಲು ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ನಮ್ಮ ಗೋಡೆಗಳು ಹೇಗೂ ಒದ್ದೆ, ಲೀಕೋ ಮಳೆಯೋ ತಿಳಿಯುವುದೇ ಇಲ್ಲ. ಅನುಮಾನ ಬಂದರೆ ರಾತ್ರಿ ಟ್ಯಾಂಕಿಗೆ ಬರುವ ನೀರನ್ನೂ ಎಲ್ಲ ನಲ್ಲಿಗಳನ್ನೂ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಮರೆಗೆ ಸಣಬೋ ಟೆಫ್ಲಾನ್ ಟೇಪೋ? ಕಬ್ಬಿಣಕ್ಕೆ ಸಣಬು ಸರಿ. ಪ್ಲಾಸ್ಟಿಕ್ ಮರೆಗೆ ಬೇಡ, ನೆನೆದು ಉಬ್ಬಿ ಫಿಟ್ಟಿಂಗನ್ನೇ ಸೀಳುತ್ತದೆ.

ಇನ್ನು ನಲ್ಲಿಗಳು. ಕಾಲು ಸುತ್ತಿನ ಸೆರಾಮಿಕ್ ನಲ್ಲಿ ತಿರುಗಿಸಲು ಹಿತ. ಆದರೆ ಮಳೆಗಾಲದ ಕೊಲ್ಲಿ ನೀರಿನ ಮರಳು ಅದರ ಬಿಲ್ಲೆಗಳನ್ನು ಗೀರುತ್ತದೆ. ಆಮೇಲೆ ತೊಟ್ಟಿಕ್ಕುವುದು ನಿಲ್ಲುವುದಿಲ್ಲ, ಒಳಗಿನ ಕಾರ್ಟ್ರಿಜ್ ಪೂರ್ತಿ ಬದಲಿಸಬೇಕು. ರಬ್ಬರ್ ವಾಷರಿನ ಹಿತ್ತಾಳೆ ನಲ್ಲಿಗಾದರೆ ಸ್ಪ್ಯಾನರ್ ಇದ್ದರೆ ಸಾಕು, ವಾಷರನ್ನು ಮನೆಯವರೇ ಹಾಕಿಕೊಳ್ಳಬಹುದು. ಬಚ್ಚಲಿಗೂ ಹಿತ್ತಿಲಿಗೂ ಅದೇ ಇದೆ. ಸೆರಾಮಿಕ್ ಇರುವುದು ಅಡುಗೆಮನೆಯಲ್ಲಿ ಮಾತ್ರ, ಅದೂ ಆ ಲೈನಿಗೆ ಫಿಲ್ಟರ್ ಕೂರಿಸಿದ ಮೇಲೆ.